ಕಡ್ಡಿಗಾಡಿಯ ಎರಡನೆಯ ಸೀಟು

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ಮಂಚ ಸರಿಸುತ್ತಾರೆ. ಆಮೇಲೆ ಬೀರು, ಆಮೇಲೆ ಒರಳುಕಲ್ಲು. ಹಲ್ಲುಜ್ಜುವುದೇನಿದ್ದರೂ ಅದಾದ ಮೇಲೆ. ಒಂದು ದಿನ ಸೋಮಾರಿತನ ಮಾಡಿದರೆ ಮಾರನೆಯ ದಿನ ಬೀರು ಸರಿಸುವುದಕ್ಕೆ ಪಕ್ಕದ ಮನೆಯವರನ್ನು ಕರೆಯಬೇಕು, ಒಂದು ವಾರ ಬಿಟ್ಟರೆ ಗುದ್ದಲಿ ತಂದು ನೆಲ ಅಗೆಯಬೇಕು. ನಿಂತದ್ದು ಭಾರವಾಗುತ್ತದೆ, ಅಷ್ಟೆ. ಯಾಕೆ ಹಾಗೆ ಎಂದು ಹೊರಗಿನವರು ಕಣ್ಣರಳಿಸಿ ಕೇಳುತ್ತಾರೆ. ಯಾಕೆ ಎಂದರೆ ಏನು ಹೇಳುವುದು, ನನ್ನ ತಲೆ! ನಿಮ್ಮೂರಿನಲ್ಲಿ ಇಟ್ಟ ಹಾಲು ಯಾಕೆ ಒಡೆಯುತ್ತದೆ ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ? ತರಕಾರಿಯವಳು ತೂಗುವ ಮೊದಲು ಬುಟ್ಟಿಯನ್ನು ಚೆನ್ನಾಗಿ ಕುಲುಕದಿದ್ದರೆ ನಾವು ಜಗಳ ತೆಗೆಯುತ್ತೇವೆ. ಆ ಜಗಳವನ್ನೂ ಓಡಾಡಿಕೊಂಡೇ ಆಡುತ್ತೇವೆ.

ಮನುಷ್ಯರಿಗೂ ಇದರಿಂದ ವಿನಾಯಿತಿ ಇಲ್ಲ. ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತಲೇ ಇರುತ್ತೇವೆ. ಮದುವೆ ಊಟದಲ್ಲಿ ಅನ್ನಸಾರು ಮುಗಿದೊಡನೆ ಎಲ್ಲರೂ ಎಲೆ ಹಿಡಿದುಕೊಂಡು ಒಂದೊಂದು ಜಾಗ ಮುಂದಕ್ಕೆ ಸರಿಯುತ್ತೇವೆ. ನಮ್ಮ ಸುಶೀಲಕ್ಕನನ್ನು ಏರಿನ ಮೇಲಿನ ಊರಿಗೆ ಕೊಟ್ಟಾಗ ಗಂಡಿನ ಕಡೆಯವರಿಗೆ ಇದು ಗೊತ್ತಿರಲಿಲ್ಲ. ಪಾಯಸ, ಹೋಳಿಗೆ ಎಂದು ಕೂತಲ್ಲೇ ಕೂತು ಉಂಡರು, ಆಮೇಲೆ ಏಳಲಾರದೆ ಹೋದರು. ಬೀಗರನ್ನು ಒಬ್ಬೊಬ್ಬರನ್ನಾಗಿ ಅತ್ತ ಇತ್ತ ಹೊರಳಿಸಿ ಎಬ್ಬಿಸಬೇಕಾಯಿತು. ಇನ್ನು ಈ ಊರಿಗೆ ನಮ್ಮ ಮನೆಯವರು ಯಾರೂ ಕಾಲಿಡುವುದಿಲ್ಲ ಎಂದು ಅಕ್ಕನ ಮಾವ ಧೋತ್ರ ಕೊಡವಿಕೊಂಡು ಹೊರಟರು. ಅಕ್ಕ ಅವರ ಹಿಂದೆ ಹೋದಳು. ಹೋದವಳು ತಿರುಗಿ ಬರಲಿಲ್ಲ.

ಊರಿನಿಂದ ಹೊರಗೆ ಹೋಗುವುದಕ್ಕೆ ಇರುವುದು ಆ ಏರೊಂದೇ. ಇಳಿಯುವುದಕ್ಕೆ ಏನೂ ಕಷ್ಟವಿಲ್ಲ. ಹತ್ತುವಾಗ ಮಾತ್ರ ವೇಗ ಕಡಿಮೆಯಾದಷ್ಟೂ ಗಾಡಿ ಭಾರವಾಗುತ್ತದೆ, ಭಾರವಾದಷ್ಟೂ ವೇಗ ಇನ್ನೂ ಕಡಿಮೆಯಾಗುತ್ತದೆ. ಹಗುರವಾದ ಮನುಷ್ಯ ಒಬ್ಬನೇ ಹಗುರವಾದ ಗಾಡಿಯಲ್ಲಿ ಹತ್ತಿದ್ದುಂಟು. ಇಬ್ಬರನ್ನು ಹೊತ್ತು ಹತ್ತಿದ ಗಾಡಿಯನ್ನು ಯಾರೂ ಕಂಡಿಲ್ಲ. ಕಾಲು ಗಟ್ಟಿಯಿದ್ದವರು ಎಲ್ಲೂ ಕೂರದೆ ನಡೆದೇ ಹೋಗುತ್ತಾರೆ. ನನಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಶಕ್ತಿಯಿಲ್ಲ, ನೋವು ಬೇರೆ, ಮನೆಯಲ್ಲಿ ಗೋಡೆ ಹಿಡಿದು, ಬೀದಿಯಲ್ಲಿ ಕೋಲು ಹಿಡಿದು ಓಡಾಡುವವಳು. ಮದುವೆಯಾದ ಹೊಸತರಲ್ಲಿ ಅಕ್ಕನನ್ನು ನೆನೆದು ಅಳುತ್ತಿದ್ದಾಗ ನಮ್ಮವರು ನನ್ನ ಗಲ್ಲ ಒರೆಸಿ, "ಅಳಬೇಡ ಕಣೇ ಜಯ, ಇಬ್ರು ಕೂತು ಏರು ಹತ್ತೋ ಗಾಡಿ ಕಟ್ತೀನಿ, ನಿನ್ನಕ್ಕನ ಮನೆ ಬಾಗಿಲಿಗೇ ಕರ್ಕೊಂಡ್ ಹೋಗ್ತೀನಿ" ಎಂದರು. ಹೆಸರು ಸಿದ್ದರಾಜು. ನೀರಿನ ಪಂಪು ರಿಪೇರಿ ಮಾಡುವವರು, ಕೈಯಲ್ಲಿ ಸ್ಪ್ಯಾನರ್ ಇಲ್ಲದಿದ್ದರೆ ಊಟ ಸೇರದ ಮನುಷ್ಯ.

ನಮ್ಮೂರಿಗೆ ದೊಡ್ಡ ಕಾರು ಒಗ್ಗುವುದಿಲ್ಲ. ಯಾರೋ ಕಂಟ್ರಾಕ್ಟರು ಒಂದನ್ನು ತಂದು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಜ್ವರ ಬಂದು ಮಲಗಿಬಿಟ್ಟ. ಅದರ ಮಾಳಿಗೆಯ ಮೇಲೆ ಈಗ ನಾವು ಹಪ್ಪಳ ಒಣಗಿಸುತ್ತೇವೆ. ಇಲ್ಲಿ ಏನಿದ್ದರೂ ಕಡ್ಡಿಗಾಡಿ. ಮೇಲಿನಿಂದ ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ಜೋಡಿಸಿಕೊಳ್ಳುವ ಕರ್ಮ ಕೊಂಡವರದು. ತೆಳ್ಳನೆಯ ಪೈಪುಗಳ ಚೌಕಟ್ಟು, ಅದಕ್ಕೆ ಹೊದಿಸಿದ ಅಲ್ಯೂಮಿನಿಯಂ ತಗಡು, ಮುಂದೆ ಉದ್ದನೆಯ ಮೂತಿಯಲ್ಲಿ ಇಂಜಿನ್ನು, ಹಿಂದೆ ಅಕ್ಕಪಕ್ಕ ಎರಡು ಸೀಟು. ಬಾಗಿಲೂ ಇಲ್ಲ, ಸೂರೂ ಇಲ್ಲ. ಸೀರೆ ಎತ್ತಿ ಸಿಕ್ಕಿಸಿ ದಾಟಿ ಕೂರಬೇಕು, ಕೂತರೆ ರಸ್ತೆ ಕೈಗೆ ಎಟಕುತ್ತದೆ. ಹೊರಟಿತೋ, ಅಯ್ಯಪ್ಪ, ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂದು ಕೂತುಕೊಳ್ಳುತ್ತದೆ! ನನಗೆ ಮೊದಲ ದಿನವೇ ಆ ಗಾಡಿಯ ಹುಚ್ಚು ಹಿಡಿಯಿತು, ಅದರಲ್ಲಿ ಸುಳ್ಳೇನು.

ನಮ್ಮದನ್ನು ಅಂಗಳದಲ್ಲೇ ಜೋಡಿಸಿದರು. ರಿವೆಟ್ ಹೊಡೆಯುವಾಗ ತಗಡು ಹಿಡಿದವಳು ನಾನು, ಸೀಟು ಹೊಲಿದವಳೂ ನಾನೇ. ನನ್ನ ಸೀಟಿಗೆ ಎಡಗಡೆ ಒಂದು ಹಿಡಿ ಹತ್ತಿ ಹೆಚ್ಚು ತುಂಬಿ, ಕಾಲಿಗೆ ಒತ್ತು ಸಿಗುವ ಹಾಗೆ ಮಾಡಿಕೊಂಡೆ. ಆಮೇಲೆ ಅದರ ಸೇವೆ ಶುರುವಾಯಿತು. ಕಡ್ಡಿಗಾಡಿ ಎಂದರೆ ಮನೆಯಲ್ಲಿ ಹಸುಗೂಸು ಇದ್ದ ಹಾಗೆ. ಓಡಿದರೆ ಅದುರಿ ಅದುರಿ ನಟ್ಟು ಸಡಿಲ, ಓಡದಿದ್ದರೆ ನೆಲಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸಂಜೆ ಊರು ಸುತ್ತಿಸಬೇಕು, ಬಂದ ಮೇಲೆ ಒಂದೊಂದು ನಟ್ಟನ್ನೂ ಮುಟ್ಟಿ ಬಿಗಿಯಬೇಕು. ಮಳೆ ಬಂದರೆ ಒಳಗೆ ನೀರು, ಬಿಸಿಲು ಬಂದರೆ ಸ್ಟಿಯರಿಂಗ್ ಮುಟ್ಟಲಾಗದು. ಕಾರ್ಬುರೇಟರಿಗಂತೂ ದಿನಕ್ಕೊಂದು ಕೊಂಕು. ನಮ್ಮವರು ಅದರ ಮುಂದೆ ಬಗ್ಗಿ ಕಿವಿಗೊಟ್ಟು, ಸ್ಕ್ರೂ ಕಾಲು ತಿರುವು ತಿರುಗಿಸಿ, "ಈಗ ಹೇಗಿದೆ?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ನನ್ನನ್ನಲ್ಲ, ಗಾಡಿಯನ್ನು.

ಇಬ್ಬರೂ ಕೂತು ಮೊದಲ ಸಲ ಏರು ಹತ್ತಲು ಹೋದಾಗ ಅರ್ಧ ದಾರಿಯ ಕತ್ತರಿ ತಿರುವಿನಲ್ಲಿ ಸಿಕ್ಕಿಬಿದ್ದೆವು. ತಿರುವು ತೆಗೆದುಕೊಳ್ಳುವುದಕ್ಕೆ ವೇಗ ಇಳಿಸಿದರು, ಇಳಿಸಿದ್ದೇ ತಡ ಗಾಡಿ ಕುಂಯ್ ಎಂದು ಕೂತುಬಿಟ್ಟಿತು. ಹಿಂದಕ್ಕೆ ಉರುಳಿಸಿಕೊಂಡೇ ಮನೆಗೆ ಬಂದೆವು. ಮಾರನೆಯ ದಿನದಿಂದ ಗಾಡಿಯನ್ನು ಹಗುರ ಮಾಡುವ ಚಾಳಿ ಅಂಟಿಕೊಂಡಿತು. ಮೊದಲು ಸ್ಟೆಪ್ನಿ ಹೋಯಿತು. ಆಮೇಲೆ ಮುಂದಿನ ಗಾಜು ಹೋಗಿ ಅಂಗೈಯಗಲದ ಪ್ಲಾಸ್ಟಿಕ್ ಬಂತು. ಕಾಲಡಿಯ ಹಾಸು, ಮಡ್ಗಾರ್ಡು, ಹಾರನ್ನು, ಹಿಂದಿನ ಲೈಟಿನ ಗೂಡು. ಬ್ಯಾಟರಿ ಬದಲಿಸಿ ಸಣ್ಣದು ಹಾಕಿದರು. ತೆಗೆಯಲಾಗದ ಪಟ್ಟಿಗಳಿಗೆಲ್ಲ ಡ್ರಿಲ್ ಇಟ್ಟು ತೂತು ಕೊರೆದರು. ಮನೆ ತುಂಬ ತಗಡಿನ ಚಕ್ಕೆ, ನನ್ನ ಪಾದ ತುಂಬ ಗೀರು.

"ಎಷ್ಟು ತೆಗೀತೀರಿ? ಹತ್ತೋದ್ಯಾವಾಗ?" ಎಂದು ನಾನು ಕೇಳಿದರೆ, "ಇನ್ನೊಂಚೂರು ಕಣೇ, ಇನ್ನೊಂಚೂರು ಇಳಿದ್ರೆ ಹಕ್ಕಿ ಹಾಗೆ ಹಾರುತ್ತೆ" ಎನ್ನುತ್ತಿದ್ದರು.

ಪಕ್ಕದ ಮನೆಯ ಮರಿಸ್ವಾಮಿಗಳು ಕಾಂಪೌಂಡಿನ ಆಚೆ ಶತಪಥ ಹಾಕುತ್ತ ಇದನ್ನೆಲ್ಲ ನೋಡುತ್ತಿದ್ದರು. ರಿಟೈರಾದ ಮೇಷ್ಟ್ರು, ಊರಿನವರ ವ್ಯವಹಾರವೆಲ್ಲ ಅವರಿಗೇ ಬೇಕು. "ಸಿದ್ದರಾಜು, ಆ ಬಣ್ಣ ಕೆರೆದ್ರೆ ಅದ್ರಲ್ಲೂ ಒಂದಿಷ್ಟು ಇಳಿಯುತ್ತೆ ನೋಡಿ" ಎಂದು ತಮಾಷೆಗೆ ಅಂದರು. ನಮ್ಮವರು ಅವತ್ತೇ ಉಪ್ಪು ಕಾಗದ ಹಿಡಿದು ಬಣ್ಣ ಕೆರೆಯಲು ಕೂತರು. ಏನು ಹೇಳೋಣ ಇಂಥವರಿಗೆ!

ಹೀಗೆ ವರ್ಷಗಳು ಹೋದವು. ಏರಿನ ಕಡೆ ಮಾತ್ರ ಗಾಡಿಯ ಮೂತಿ ತಿರುಗಲಿಲ್ಲ. ಒಂದು ದಿನ ಬೆಳಿಗ್ಗೆ ಒರಳು ಸರಿಸುತ್ತಿದ್ದಾಗ ಅಕ್ಕನ ಫೋನು ಬಂತು. ಅವಳು ಬಹಳ ಹೊತ್ತು ಮಳೆ, ಬೆಳೆ, ಸೊಸೆಯ ಅಡುಗೆ ಎಂದು ಮಾತಾಡಿದಳು. ಕೊನೆಗೆ, "ಜಯ, ನಂಗೆ ಕಣ್ಣು ಮಂಜಾಗ್ತಿದೆ ಕಣೇ. ಎರಡೂ ಪಕ್ಕದಿಂದ ಕತ್ತಲೆ ಬರ್ತಿದೆ. ಬರೋ ಮಳೆಗಾಲ ಕಳೆಯೋದ್ರೊಳಗೆ ಪೂರ್ತಿ ಹೋಗುತ್ತೆ ಅಂದ್ರು ಡಾಕ್ಟ್ರು. ಅದಕ್ಕೆ ಮುಂಚೆ ನಿನ್ನ ಮುಖ ಒಂದ್ಸಲ ನೋಡ್ಬೇಕಿತ್ತು" ಎಂದಳು. ಬರ್ತೀನಿ ಅಕ್ಕ ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ.

ನಮ್ಮವರಿಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಸ್ಪ್ಯಾನರ್ ಹಿಡಿದು ಅಂಗಳಕ್ಕೆ ಹೋದರು. ಸದ್ಯ, ಈಗಲಾದರೂ ಹೊರಡುತ್ತಾರೆ ಎಂದು ನಾನು ಸಂತೋಷದಿಂದ ಅಕ್ಕನಿಗೆ ಚಕ್ಕುಲಿ ಕರಿಯಲು ಕೂತೆ, ಕೂತು ಎದ್ದು, ಎದ್ದು ಕೂತು ಕರಿದೆ. ಡಬ್ಬಿ ತುಂಬಿಸಿಕೊಂಡು ಹೊರಗೆ ಬಂದು ನೋಡುತ್ತೇನೆ, ನನ್ನ ಸೀಟು ಜಗಲಿಯ ಮೇಲಿದೆ. ಗಾಡಿಯಲ್ಲಿ ಅದಿದ್ದ ಜಾಗದಲ್ಲಿ ನಾಲ್ಕು ತೂತು.

"ಏನ್ರೀ ಇದು?"

"ಇಬ್ರು ಕೂತ್ರೆ ಹತ್ತಲ್ಲ ಜಯ. ಎಲ್ಲಾ ನೋಡ್ದೆ. ನಾನೊಬ್ಬನೇ ಹೋಗಿ ನಿನ್ನಕ್ಕನ್ನ ನೋಡ್ಕೊಂಡು ಬರ್ತೀನಿ. ನೀನು ಚಕ್ಕುಲಿ ಕೊಡು."

ನನಗೆ ಮೈಯೆಲ್ಲ ಉರಿದುಹೋಯಿತು. "ಅಕ್ಕ ಕಣ್ಣು ಹೋಗೋಕ್ ಮುಂಚೆ ನೋಡ್ಬೇಕು ಅಂದಿರೋದು ನಿಮ್ಮ ಮೀಸೇನಾ?" ಎಂದೆ. ಡಬ್ಬಿಯನ್ನು ಕುಕ್ಕಿದ ರಭಸಕ್ಕೆ ಮುಚ್ಚಳ ಹಾರಿ ಮರಿಸ್ವಾಮಿಗಳ ಕಾಂಪೌಂಡಿಗೆ ಬಿತ್ತು. "ನನ್ನನ್ನ ಕರ್ಕೊಂಡ್ ಹೋಗೋಕೆ ಅಂತ ಕಟ್ಟಿದ ಗಾಡಿ. ಅದರಿಂದ ನನ್ನನ್ನೇ ಬಿಚ್ಚಿ ಜಗಲಿ ಮೇಲೆ ಇಟ್ರಲ್ಲ! ನಾಚ್ಕೆ ಆಗಲ್ವಾ ನಿಮ್ಗೆ?" ಅವರು ತಲೆ ತಗ್ಗಿಸಿ ಗಾಡಿಯ ಸುತ್ತ ತಿರುಗುತ್ತಿದ್ದರು. ನಾನು ಕೋಲು ಹಿಡಿದು ಅವರ ಹಿಂದೆ ಹಿಂದೆ ತಿರುಗಿದೆ. ಅಷ್ಟು ಸಣ್ಣ ಗಾಡಿ, ಅದರ ಸುತ್ತ ಇಬ್ಬರು ವಯಸ್ಸಾದವರು. ನೋಡಿದವರು ನಕ್ಕರೋ ಏನೋ, ನನಗಂತೂ ಅಳು ಬರುತ್ತಿತ್ತು.

ಹಾಗೆ ಸುತ್ತುತ್ತಲೇ ನನಗೆ ಹೊಳೆಯಿತು. ಈ ಗಾಡಿಯಲ್ಲಿ ತೆಗೆಯಬಹುದಾದ್ದನ್ನೆಲ್ಲ ತೆಗೆದಾಗಿದೆ. ಇನ್ನು ಅದರಲ್ಲಿ ಎಲ್ಲಕ್ಕಿಂತ ಭಾರವಾದ ಸಾಮಾನು ಯಾವುದು? ಇವರೇ ಅಲ್ಲವೇ? ದಪ್ಪ ಹೊಟ್ಟೆ, ದಪ್ಪ ಕತ್ತು, ನನಗಿಂತ ಒಂದೂವರೆ ಪಟ್ಟು ಮನುಷ್ಯ.

"ರೀ, ನಾನು ಓಡಿಸ್ತೀನಿ" ಎಂದೆ. "ನೀವು ಇಳೀರಿ."

"ಹುಚ್ಚಾ ನಿಂಗೆ? ಎಡಗಾಲಲ್ಲಿ ಕ್ಲಚ್ ಹೇಗೆ ಒತ್ತೀಯ?"

"ಸ್ಕೂಟರಲ್ಲಿ ಕ್ಲಚ್ ಕೈಯಲ್ಲಿ ಇರುತ್ತಲ್ಲ. ಅದನ್ನ ತಂದು ಇದಕ್ಕೆ ಕಟ್ಟಿ."

ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚು ಎನ್ನುತ್ತಿದ್ದರು. ನಮ್ಮವರು ಮಾತ್ರ ನಿಂತುಬಿಟ್ಟರು. ಅವರ ಕಣ್ಣು ಗೇರ್ ಕೋಲಿನ ಮೇಲೆ ಹೋಯಿತು, ಬೆರಳು ಗಾಳಿಯಲ್ಲಿ ವೈರು ಎಳೆಯತೊಡಗಿತು. ಎಷ್ಟೇ ಕೋಪವಿದ್ದರೂ ಆ ಬೆರಳುಗಳನ್ನು ನೋಡಿದರೆ ನನ್ನ ಮನಸ್ಸು ಕರಗಿಹೋಗುತ್ತದೆ.

ಗುಜರಿಯಿಂದ ಹಳೇ ಸ್ಕೂಟರಿನ ಲಿವರ್ ತಂದು ಗೇರ್ ಕೋಲಿಗೇ ಕಟ್ಟಿದರು. ಎಡಗೈಯಲ್ಲಿ ಲಿವರ್ ಹಿಂಡಿದರೆ ಕ್ಲಚ್, ಅದೇ ಕೈಯಲ್ಲಿ ಗೇರ್. ಮೊದಲ ವೈರು ಕಿತ್ತುಹೋಯಿತು, ಎರಡನೆಯದು ಗಟ್ಟಿಯಾಗಿ ನನ್ನ ಕೈ ಸೋತುಹೋಯಿತು. ನಡುವೆ ಒಂದು ಪುಟ್ಟ ರಾಟೆ ಇಟ್ಟು ವೈರನ್ನು ಅದರ ಮೇಲೆ ಹಾಯಿಸಿದ ಮೇಲೆ ಬೆಣ್ಣೆಯಂತಾಯಿತು. ನನ್ನ ಎತ್ತರಕ್ಕೆ ಸೀಟು ಮುಂದಕ್ಕೆ ತಂದರು, ಬ್ರೇಕಿಗೆ ಮರದ ತುಂಡು ಕಟ್ಟಿದರು. ಗಾಡಿಯ ಪಕ್ಕದಲ್ಲೇ ಓಡಿಕೊಂಡು ಊರು ಸುತ್ತಿಸಿ ಕಲಿಸಿದರು. ನಾನು ಕಲ್ಲಿಗೆ ಗುದ್ದಿದೆ, ಕೋಳಿಗೂಡಿಗೆ ಗುದ್ದಿದೆ, ಮರಿಸ್ವಾಮಿಗಳನ್ನು ಓಡಿಸಿಕೊಂಡು ಹೋದೆ. ಆಮೇಲೆ ಕೈಗೆ ಬಂತು. ಮಳೆಗಾಲ ಹತ್ತಿರ ಬರುತ್ತಿತ್ತು, ಅಕ್ಕ ಫೋನಿನಲ್ಲಿ ದನಿ ಕುಗ್ಗಿಸಿ ಮಾತಾಡುತ್ತಿದ್ದಳು.

ಹೊರಡುವ ಹಿಂದಿನ ಸಂಜೆ ನಟ್ಟು ಬಿಗಿಯುತ್ತಿದ್ದವರು ತಲೆಯೆತ್ತದೆ ಹೇಳಿದರು, "ಇಷ್ಟು ವರ್ಷ ಯಾಕೆ ಹೊರಡ್ಲಿಲ್ಲ ಅಂತ ನೀನು ಕೇಳ್ಲೇ ಇಲ್ಲ."

"ಭಾರ ಅಂತ ನೀವೇ ಅಂತಿದ್ರಲ್ಲ."

"ಭಾರ ಇಳಿದು ಎಷ್ಟೋ ದಿನ ಆಯ್ತು. ಇಬ್ರು ಕೂತ್ರೂ ಹತ್ತುತ್ತಿತ್ತು ಅನ್ನಿಸ್ತಿತ್ತು. ನಂಗೇ ಭಯ ಕಣೇ. ಮೇಲೆ ಯಾವ್ದೂ ಸರಿಸ್ಬೇಕಾಗಿಲ್ಲ, ಕೂತೋರು ಕೂತೇ ಇರಬಹುದು. ಇಲ್ಲಿ ನಿನ್ನ ಕಾಲಿಗೆ ದಿನಾ ಸಾವು. ಆ ಸುಖ ಒಂದ್ಸಲ ಕಂಡ್ರೆ ನೀನ್ಯಾಕೆ ವಾಪಸ್ ಬರ್ತೀಯ? ನಾನು ಬಿಡಿಸಿಕೊಂಡು ಬರೋಕಾಗುತ್ತಾ? ಅದಕ್ಕೇ ಒಂದೊಂದೇ ಬಿಚ್ಚುತ್ತಾ ಕೂತಿದ್ದೆ."

ನನಗೆ ಬೈಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡನ್ನೂ ಮಾಡದೆ, "ನಾಳೆ ಪೆಟ್ರೋಲ್ ತುಂಬಾ ಹಾಕ್ಬೇಡಿ, ಭಾರ ಆಗುತ್ತೆ" ಎಂದು ಒಳಗೆ ಹೋದೆ. ಬಂದೇ ಬರ್ತೀನಿ ಎಂದು ಹೇಳಲು ಬಾಯಿ ಬರಲಿಲ್ಲ, ಯಾಕೆಂದರೆ ನನಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಏರಿನ ಬುಡದಲ್ಲಿ ಅವರು ಇಳಿದುಕೊಂಡರು ಎನ್ನುವುದಕ್ಕಿಂತ ನಡೆದು ಬಂದು ನಿಂತರು ಎನ್ನಬೇಕು, ಗಾಡಿಯಲ್ಲಿ ಅವರಿಗೆ ಜಾಗವೆಲ್ಲಿ? ನಾನು ದೂರದಿಂದಲೇ ವೇಗ ಹಿಡಿದು ಅವರನ್ನು ದಾಟಿ ಏರಿಗೆ ಬಿದ್ದೆ. ತಿರುಗಿ ನೋಡಲಿಲ್ಲ. ಇಂಜಿನ್ನು ಕಿರುಚುತ್ತಿತ್ತು, ಗಾಳಿ ಕಣ್ಣಿಗೆ ಚುಚ್ಚುತ್ತಿತ್ತು, ಕೆಳಗಿನ ಕಲ್ಲೆಲ್ಲ ಬೆನ್ನಿಗೆ ತಾಗುತ್ತಿತ್ತು. ಕತ್ತರಿ ತಿರುವು ಬಂತು. ನಮ್ಮವರು ಇಲ್ಲಿ ವೇಗ ಇಳಿಸಿಯೇ ಕೆಟ್ಟದ್ದು. ನಾನು ಹಲ್ಲು ಕಚ್ಚಿ, ಲಿವರ್ ಹಿಂಡಿ ಗೇರು ಇಳಿಸಿದೆನೇ ಹೊರತು ಬ್ರೇಕ್ ಮುಟ್ಟಲಿಲ್ಲ. ಹಿಂದಿನ ಚಕ್ರ ಜಾರಿತು, ಗಾಡಿ ಅಡ್ಡಡ್ಡ ಹೋಯಿತು, ಅಮ್ಮಾ ಎಂದು ಕೂಗಿಕೊಂಡೆ. ಗಾಡಿ ಭಾರವಾಗತೊಡಗಿದ್ದು ಸ್ಟಿಯರಿಂಗಿನಲ್ಲಿ ಕೈಗೇ ತಿಳಿಯುತ್ತಿತ್ತು. ಹೋಗು, ಹೋಗು, ಹಾಳಾದ್ದೇ, ಹೋಗು ಎಂದು ಬೈಯುತ್ತ ಬಲಗಾಲಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದೆ. ಅದು ಕೆಮ್ಮಿತು, ಮುಗ್ಗರಿಸಿತು, ಆಮೇಲೆ ಹಿಡಿದುಕೊಂಡಿತು. ಮೇಲಿನ ಬಯಲು ಕಂಡಾಗ ನನಗೆ ಅಳುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ.

ಅಕ್ಕನ ಮನೆ ಸಿಕ್ಕಿತು. ಆದರೆ ಗಾಡಿ ನಿಲ್ಲಿಸುವುದಕ್ಕೆ ನನಗೆ ಧೈರ್ಯವಾಗಲಿಲ್ಲ. "ಅಕ್ಕಾ! ಅಕ್ಕಾ!" ಎಂದು ಕೂಗುತ್ತ ಮನೆಯ ಸುತ್ತ ಸುತ್ತತೊಡಗಿದೆ. ಅಕ್ಕ ಗೋಡೆ ತಡವಿಕೊಂಡು ಹೊರಗೆ ಬಂದು, ಸದ್ದು ಹೋದತ್ತ ಕತ್ತು ತಿರುಗಿಸಿ ತಿರುಗಿಸಿ, "ನಿಲ್ಸೇ ಮಾರಾಯ್ತಿ, ಇಲ್ಲಿ ಏನೂ ಆಗಲ್ಲ, ನಿಲ್ಸೇ!" ಎಂದು ಕೂಗಿದಳು. ನಿಲ್ಲಿಸಿದೆ. ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದು, ಹಣೆ ಒಂದು ಸಲ, ಗಲ್ಲ ಒಂದು ಸಲ, ತುಂಡು ತುಂಡಾಗಿ ನೋಡಿದಳು. "ಅಯ್ಯೋ ನಿನ್ನ! ಮುದುಕಿ ಆಗ್ಬಿಟ್ಟಿದ್ದೀಯಲ್ಲೇ!" ಎಂದು ಅತ್ತಳು. "ನೀನೇನು ಪ್ರಾಯದ ಹುಡುಗೀನಾ?" ಎಂದು ನಾನೂ ಅತ್ತೆ.

"ಎಲ್ಲೇ ನಿನ್ನ ಗಂಡ?"

"ಭಾರ ಅಂತ ಬಿಚ್ಚಿಟ್ಟು ಬಂದೆ."

ಅಕ್ಕ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಒಂದು ಕುರ್ಚಿ ಹಾಕಿ ಕೂರಿಸಿದಳು. ನಾನು ಕೂತೆ. ಕಾಫಿ ಬಂತು, ಊಟ ಬಂತು, ಬಿಸಿಲು ಇಳಿಯಿತು, ನಾನು ಕೂತೇ ಇದ್ದೆ. ಎಡಗಾಲಿನ ನೋವು ಮೆಲ್ಲಗೆ ಬಿಟ್ಟುಹೋಯಿತು. ಚಿಕ್ಕಂದಿನಿಂದ ನನ್ನ ಜೊತೆಗಿದ್ದ ನೋವು ಅದು. ಇಂಥ ಸುಖವೂ ಉಂಟೇ ಶಿವನೇ ಎಂದುಕೊಂಡೆ. ಅಕ್ಕ ನನ್ನ ಮುಖದ ಮೇಲೆ ಕಣ್ಣು ನೆಟ್ಟು, "ಇಲ್ಲೇ ಇದ್ಬಿಡೇ ಜಯ. ನಾಳೆಯಿಂದ ನೀನೇ ನನ್ನ ಕಣ್ಣು" ಎಂದಳು. ಆ ರಾತ್ರಿ ಅವಳ ಪಕ್ಕದಲ್ಲೇ ಹಾಸಿಕೊಂಡೆ.

ಮುಂಜಾನೆ ಎದ್ದವಳೇ ಅಭ್ಯಾಸಬಲದಿಂದ ಅಕ್ಕನ ಬೀರುವನ್ನು ಮೈಕೊಟ್ಟು ತಳ್ಳಿದೆ. ಅದು ಅಲ್ಲಿನ ಬೀರು, ಗಾಳಿಯಷ್ಟು ಹಗುರ. ಧಡಾರನೆ ಬಿದ್ದು ಕನ್ನಡಿ ಚೂರುಚೂರಾಯಿತು. ಸೊಸೆ ಓಡಿಬಂದಳು. ನಾನು ಚೂರು ಹೆಕ್ಕುತ್ತ ಕೂತೆ. ನನ್ನ ಗಮನ ಅಲ್ಲಿರಲಿಲ್ಲ. ಅವರು ಬೀರು ಸರಿಸಿರುತ್ತಾರೆಯೇ, ಒಬ್ಬರಿಂದ ಒರಳು ಸರಿಯುತ್ತದೆಯೇ, ಅದರ ಇನ್ನೊಂದು ಪಕ್ಕ ಹಿಡಿಯುವವಳು ನಾನಲ್ಲವೇ? ಕುರ್ಚಿಯಲ್ಲಿ ಕೂತೆ, ಎದ್ದೆ. ಮತ್ತೆ ಕೂತೆ, ಮತ್ತೆ ಎದ್ದೆ. ಆ ಸುಖ ನನ್ನಿಂದ ತಡೆಯಲಾಗಲಿಲ್ಲ.

"ಹೋಗ್ತೀನಿ ಅಕ್ಕ. ಮತ್ತೆ ಬರ್ತೀನಿ. ಈಗ ದಾರಿ ಗೊತ್ತಾಯ್ತಲ್ಲ." ಅಕ್ಕ ಸಿಟ್ಟಾಗಲಿಲ್ಲ. ಇನ್ನೊಂದು ಸಲ ನನ್ನ ಮುಖವನ್ನು ತುಂಡು ತುಂಡಾಗಿ ನೋಡಿದಳು, ಈ ಸಲ ಬಹಳ ಹೊತ್ತು. "ಸಾಕು. ಬಾಯಿಪಾಠ ಆಯ್ತು. ಇನ್ನು ಕಣ್ಣು ಹೋದ್ರೆ ಹೋಗ್ಲಿ" ಎಂದಳು.

ಇಳಿಜಾರಿನ ಕೊನೆಯ ತಿರುವಿನಲ್ಲಿ ನೋಡುತ್ತೇನೆ, ಬುಡದಲ್ಲಿ ಜನ ಗುಂಪುಗೂಡಿ ಏನನ್ನೋ ಸುತ್ತುತ್ತಿದ್ದಾರೆ. ಮರಿಸ್ವಾಮಿಗಳು ಕೈ ಬೀಸುತ್ತ ಓಡಿಬಂದರು. "ಬೇಗ ಬಾರಮ್ಮ! ನಿಮ್ಮ ಯಜಮಾನ್ರು ಎದ್ದೇಳಂಗಿಲ್ಲ!" ಅಯ್ಯೋ, ಹೋಗಿಯೇಬಿಟ್ಟರು ಎಂದುಕೊಂಡೆ. ಲಿವರ್ ಹಿಂಡುವುದನ್ನೇ ಮರೆತು ಬ್ರೇಕ್ ತುಳಿದೆ, ಗಾಡಿ ಜರ್ಕು ಹೊಡೆದು ಆಫಾಯಿತು.

ಅವರು ಹೋಗಿರಲಿಲ್ಲ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು. ನಾನು ಹೊರಟ ಗಳಿಗೆಯಿಂದ ಹಾಗೇ ಕೂತಿದ್ದರಂತೆ, ಯಾರು ಹೇಳಿದರೂ ಎದ್ದಿಲ್ಲ, ಯಾರು ಎಳೆದರೂ ಮಿಸುಕಿಲ್ಲ. ಕಲ್ಲು ಅರ್ಧ ಮಣ್ಣಿಗೆ ಇಳಿದಿತ್ತು, ಅವರ ಪಾದ ಗಿಣ್ಣಿನವರೆಗೆ ನೆಲದಲ್ಲಿತ್ತು. ಮುಖ ಏರಿನ ಕಡೆಗೇ ಇತ್ತು. ನಮ್ಮೂರಿನಲ್ಲಿ ಹಾಲುಗಲ್ಲದ ಮಗುವೂ ಇಂಥ ತಪ್ಪು ಮಾಡುವುದಿಲ್ಲ. ಯಾರದಾದರೂ ದಾರಿ ನೋಡಬೇಕಾದರೆ ನಾವು ಓಡಾಡಿಕೊಂಡು ನೋಡುತ್ತೇವೆ.

"ಬುದ್ಧಿ ಇದೆಯೇನ್ರೀ ನಿಮ್ಗೆ?" ಎಂದು ಬೈದೆ. "ಅತ್ಲಾಗ್ ಇತ್ಲಾಗ್ ಓಡಾಡ್ಕೊಂಡಿರೋಕೆ ಏನಾಗಿತ್ತು?"

"ಓಡಾಡ್ತಾ ಇದ್ದು, ನೀನು ಬಂದಾಗ ನಾನು ಆ ಕಡೆ ತಿರುಗಿದ್ರೆ?" ಎಂದರು ನಮ್ಮವರು.

ಮರಿಸ್ವಾಮಿಗಳು ಹಗ್ಗ ತರಲು, ಆಳುಗಳನ್ನು ಕರೆಯಲು ಊರ ಕಡೆ ಓಡತೊಡಗಿದರು. ಸುತ್ತ ನೆರೆದವರು ಬೇಡ ಬೇಡ ಎಂದು ಕೂಗುತ್ತಿದ್ದರೂ ನಾನು ಕೋಲು ಬದಿಗಿಟ್ಟು ಅವರ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ. "ಮೇಷ್ಟ್ರೇ, ಅವಸರ ಏನಿಲ್ಲ, ನಿಧಾನಕ್ಕೆ ಬನ್ನಿ" ಎಂದು ಕೂಗಿ ಹೇಳಿದೆ.